ನೆರವು ಬ್ಲಾಕ್

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗ್ರಾಮಸೇವಕ ರೇಣುಕಯ್ಯ ನೇಗಿಲೆತ್ತಲು ಬಗ್ಗಿದ, ಒಂಬತ್ತೂವರೆಯಾದರೂ ಮೇಲೇಳಲಿಲ್ಲ.

ಅಂದು ೧೯೬೨ರ ಜೂನ್ ಹದಿನೆಂಟು, ಸೋಮವಾರ. ಸ್ಥಳ, ತೋವಿನಕೆರೆಯಿಂದ ಮೂರು ಮೈಲಿ ಆಚೆಗಿರುವ ಕಲ್ಲುಗುಟ್ಟೆಯ ಪಂಚಾಯಿತಿ ಕಟ್ಟೆ. ಸರ್ಕಾರ ಕಳಿಸಿದ್ದ ಹೊಸ ಕಬ್ಬಿಣದ ನೇಗಿಲಿನ ಪ್ರಾತ್ಯಕ್ಷಿಕೆಗೆ ನಲವತ್ತು ಜನ ರೈತರು ಸೇರಿದ್ದರು. ಹೊಲದವರೆಗೂ ಹೊರಲು ಇದು ಭಾರವಾಗುತ್ತದೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಗ್ರಾಮಸೇವಕನಿಗೆ ಅದು ತಾಗಿತು.

"ಭಾರವಾ? ಹೂವು ಕಣ್ರಯ್ಯ ಇದು, ಹೂವು! ಒಂದೇ ಕೈಲಿ ಎತ್ತಿ ತೋರಿಸ್ತೀನಿ ನೋಡಿ."

ಸರ್ಕಾರದ ಕರಪತ್ರದಲ್ಲಿ ನೇಗಿಲಿನ ತೂಕ ನಲವತ್ತೆರಡು ಪೌಂಡು ಎಂದು ಅಚ್ಚಾಗಿತ್ತು. ಒಂದೇ ಕೈಯಲ್ಲಿ ಎತ್ತಬೇಕೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ರೇಣುಕಯ್ಯನ ಸೊಂಟದಲ್ಲಿ ಒಣಕಡ್ಡಿ ಮುರಿದಂತೆ ಏನೋ ಸದ್ದಾಯಿತು, ನೇಗಿಲು ಇದ್ದಲ್ಲೇ ಇತ್ತು, ಅದರ ಮೇಲೆ ರೇಣುಕಯ್ಯನೂ ಇದ್ದಲ್ಲೇ ಇದ್ದ. ಹಾಗೆ ಬಗ್ಗಿ ನಿಲ್ಲುವುದೂ ಪ್ರಾತ್ಯಕ್ಷಿಕೆಯ ಒಂದು ಭಾಗವಿರಬೇಕೆಂದು ಜನ ಹತ್ತು ನಿಮಿಷ ಕಾದರು. ಮುಂದಿನ ಸಾಲಿನ ಇಬ್ಬರು ತಾವೂ ಬಗ್ಗಿ ನೋಡಿದರು. ಕೊನೆಗೆ ನೇಗಿಲನ್ನೂ ಅವನನ್ನೂ ಒಂದೇ ಗಾಡಿಯಲ್ಲಿ ಹಾಕಿ ಅವರವರ ಜಾಗಕ್ಕೆ ಸೇರಿಸಲಾಯಿತು.

ಮುಂದಿನ ಹದಿನೈದು ದಿನ ಹರಳೆಣ್ಣೆ, ಬಿಸಿ ಮರಳಿನ ಶಾಖ, ಹುಣಸೆ ಎಲೆಯ ಕಟ್ಟು ಎಲ್ಲವೂ ಆದವು. ನೋವು ಸೊಂಟ ಬಿಟ್ಟು ಎಡ ತೊಡೆಗೆ ಇಳಿಯಿತು, ತೊಡೆಯಿಂದ ಮೀನಖಂಡಕ್ಕೆ, ಅಲ್ಲಿಂದ ಹೆಬ್ಬೆರಳಿಗೆ. ಕೂತರೆ ಐದು ನಿಮಿಷ, ನಿಂತರೆ ಹತ್ತು ನಿಮಿಷ. ಅದರಾಚೆ ಅವನ ಕೈಲಾಗುತ್ತಿರಲಿಲ್ಲ. ನಡೆಯುವಾಗ ಬಲಕ್ಕೆ ವಾಲಿ, ತುಸು ಮುಂದಕ್ಕೆ ಬಗ್ಗಿ, ಗೋಡೆಯ ಹಿಂದೆ ಯಾರಿದ್ದಾರೆ ಎಂದು ಇಣುಕುವವನಂತೆ ನಡೆಯುತ್ತಿದ್ದ. ನಿದ್ದೆ ಅನ್ನುವುದು ಮಿಕ್ಕವರಿಗೆ ಬರುವ ಒಂದು ವಿಷಯವಾಗಿಬಿಟ್ಟಿತ್ತು.

ಜುಲೈ ಎರಡರಂದು, ಇದ್ದ ರಜೆಯಲ್ಲಿ ನಾಲ್ಕೇ ದಿನ ಉಳಿದಿದ್ದಾಗ, ಹೆಂಡತಿ ಸರೋಜಮ್ಮ ಅವನನ್ನು ತುಮಕೂರಿನ ಬಸ್ಸಿಗೆ ಹತ್ತಿಸಿದಳು. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಡಾಕ್ಟರು ಅವನನ್ನು ಅಂಗಾತ ಮಲಗಿಸಿ ಎಡಗಾಲನ್ನು ನೇರವಾಗಿ ಮೇಲೆತ್ತಿದರು. ರೇಣುಕಯ್ಯ ಕೂಗಿದ್ದು ಆಚೆ ಬೀದಿಗೂ ಕೇಳಿಸಿತು. ಡಾಕ್ಟರಿಗೆ ಅದರಿಂದ ಸಮಾಧಾನವಾದಂತಿತ್ತು.

"ಬೆನ್ನುಮೂಳೆಗಳ ನಡುವೆ ಡಿಸ್ಕ್ ಅಂತ ಇರುತ್ತೆ. ನಿಮ್ಮದು ಆಚೆಗೆ ಚಾಚಿಕೊಂಡು ನರ ಒತ್ತುತ್ತಾ ಇದೆ," ಎಂದರು.

ಡಿಸ್ಕ್ ಎಂದರೆ ರೇಣುಕಯ್ಯನಿಗೆ ಗೊತ್ತಿದ್ದುದು ಗ್ರಾಮಾಫೋನಿನ ತಟ್ಟೆ ಮಾತ್ರ. ಅಂಥದ್ದು ತನ್ನೊಳಗೂ ಇದೆಯೆಂದು ಮೂವತ್ತನಾಲ್ಕು ವರ್ಷ ಯಾರೂ ಅವನಿಗೆ ಹೇಳಿರಲಿಲ್ಲ.

"ತಿಂಗಳ ಮೊದಲನೇ ಶನಿವಾರ ಬೆಂಗಳೂರಿಂದ ಸ್ಪೆಷಲಿಸ್ಟ್ ಬರ್ತಾರೆ. ಅವರು ನಿಮಗೆ ನರ್ವ್ ಬ್ಲಾಕ್ ಕೊಡ್ತಾರೆ. ಒಂದು ಇಂಜೆಕ್ಷನ್ನು, ಅಷ್ಟೇ. ನರದ ಸುತ್ತ ಔಷಧಿ ಹೋಗಿ ಕೂರುತ್ತೆ, ಅದರ ಕೂಗಾಟ ನಿಲ್ಲುತ್ತೆ, ಊತ ಇಳಿಯೋದಕ್ಕೆ ಬಿಡುವು ಸಿಗುತ್ತೆ."

"ಎಲ್ಲಿಗೆ ಕೊಡ್ತಾರೆ ಸಾರ್?"

ಡಾಕ್ಟರು ಅವನನ್ನು ಪಕ್ಕಕ್ಕೆ ಹೊರಳಿಸಿ ಬೆರಳಿನಿಂದ ಒತ್ತಿ ತೋರಿಸಿದರು. ಬೆನ್ನುಮೂಳೆ ಮುಗಿಯುವ ಜಾಗ. ಕಲ್ಲುಗುಟ್ಟೆಯಲ್ಲಿ ಬಾಯಿಬಿಟ್ಟು ಹೇಳುವ ಜಾಗವಲ್ಲ.

"ಶನಿವಾರ ಹನ್ನೊಂದಕ್ಕೆ ಇಲ್ಲಿರಿ. ಹನ್ನೆರಡಕ್ಕೆ ಅವರು ರೈಲಿಗೆ ಹೊರಟುಬಿಡ್ತಾರೆ. ತಪ್ಪಿದರೆ ಇನ್ನು ಆಗಸ್ಟ್."

ರೇಣುಕಯ್ಯ ಚೀಟಿ ಮಡಿಚಿ ಜೇಬಿನಲ್ಲಿಟ್ಟುಕೊಂಡ. ಆಗಸ್ಟಿನವರೆಗೆ ಹೀಗೇ ಇರುವುದು ತನ್ನಿಂದಾಗದ ಕೆಲಸ ಎಂಬುದೊಂದು ಮಾತ್ರ ಅವನಿಗೆ ಸ್ಪಷ್ಟವಿತ್ತು.

ಕಲ್ಲುಗುಟ್ಟೆಯಲ್ಲಿ ಬಸ್ಸಿಳಿದಾಗ ಹೋಟೆಲಿನ ವೆಂಕಟರಾಮಯ್ಯ ಕಾಫಿಯನ್ನು ಎತ್ತಿ ಹುಯ್ಯುತ್ತಿದ್ದ. ಮುಂದಿನ ಬೆಂಚಿನ ಮೇಲೆ ಪಂಚಾಯಿತಿ ಸದಸ್ಯೆ ದಾಕ್ಷಾಯಣಮ್ಮ ಮಹಿಳಾ ಸಮಾಜದ ಇಬ್ಬರು ಹೆಂಗಸರೊಡನೆ ಕೂತಿದ್ದರು. ಪಕ್ಕದ ಸೈಕಲ್ ಶಾಪಿನಲ್ಲಿ ಶಿರಾದ ಗುಲಾಮ್ ಮೊಹಿದ್ದೀನ್ ಒಂದು ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ.

"ಏನಂದ್ರು ರೇಣುಕಯ್ಯ ತುಮಕೂರಲ್ಲಿ?" ಎಂದ ವೆಂಕಟರಾಮಯ್ಯ.

"ಶನಿವಾರ ಬರಕ್ಕೆ ಹೇಳವ್ರೆ."

"ಶನಿವಾರ ಏನು ಮಾಡ್ತಾರಂತೆ?" ದಾಕ್ಷಾಯಣಮ್ಮ ಕೇಳಿದರು. ಕೇಳಿದರೆ ಉತ್ತರ ಪಡೆಯದೆ ಬಿಡುವವರಲ್ಲ.

ರೇಣುಕಯ್ಯ ಮೂವರು ಹೆಂಗಸರನ್ನೂ ನೋಡಿದ. ಇಂಜೆಕ್ಷನ್ ಎಂದರೆ ಎಲ್ಲಿಗೆ ಎಂದು ಕೇಳುತ್ತಾರೆ. ಆದ್ದರಿಂದ ಇಂಗ್ಲಿಷಿನ ಮರೆಗೆ ಹೋದ.

"ಬ್ಲಾಕ್ ಕೊಡ್ತಾರಂತೆ ಕಣಮ್ಮ."

ಕಾಫಿಯ ಧಾರೆ ನಡುವೆಯೇ ನಿಂತಿತು. "ಬ್ಲಾಕಾ? ನಿನಗಾ? ಯಾವ ಬ್ಲಾಕು?"

"ನರ್ವ್ ಬ್ಲಾಕು."

"ನೆರವು ಬ್ಲಾಕಾ?"

ಅದೇ ಗಳಿಗೆಗೆ ರೇಣುಕಯ್ಯನ ಎಡಗಾಲಿನಲ್ಲಿ ಒಂದು ಮಿಂಚು ಹರಿಯಿತು. "ಹೂಂ, ಹೂಂ," ಎಂದ. ಅದು ನೋವಿಗೆ ಹೇಳಿದ ಮಾತು.

"ಯಾರು ಕೊಡೋದು?"

"ಬೆಂಗಳೂರಿಂದ ದೊಡ್ಡೋರು ಬರ್ತಾರೆ."

"ಎಲ್ಲಿ ಕೊಡ್ತಾರೆ?"

ಬೇಡವೆಂದರೂ ಆ ಪ್ರಶ್ನೆ ಬಂದೇಬಿಟ್ಟಿತು. ರೇಣುಕಯ್ಯ ನೆಲ ನೋಡುತ್ತಾ, "ಕೊನೇಲಿ... ತೀರಾ ತುದೀಲಿ," ಎಂದ.

"ತುದೀಲಿ ಅಂದ್ರೆ ಪಾವಗಡ!" ಎಂದರು ದಾಕ್ಷಾಯಣಮ್ಮ. ಪಂಚಾಯಿತಿ ಗೋಡೆಯ ಮೇಲಿನ ಜಿಲ್ಲಾ ನಕ್ಷೆಯಲ್ಲಿ ಪಾವಗಡ ತುದಿಯಲ್ಲೇ ಇದೆ. ಅಷ್ಟರ ಮಟ್ಟಿಗೆ ಅವರ ಮಾತು ಸರಿ.

ಆ ಕಾಲದ ಸಂಗತಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸರ್ಕಾರ ದೇಶವನ್ನೆಲ್ಲ ಅಭಿವೃದ್ಧಿ ಬ್ಲಾಕುಗಳಾಗಿ ಹಂಚಿ, ಬ್ಲಾಕಿಗೊಬ್ಬ ಅಧಿಕಾರಿ, ಅಧಿಕಾರಿಗೊಂದು ಜೀಪು, ಅವರ ಕೈಕೆಳಗೆ ಹತ್ತಾರು ಮಂದಿ ಗ್ರಾಮಸೇವಕರನ್ನು ಇಟ್ಟು ಕೆಲವು ವರ್ಷಗಳಾಗಿದ್ದವು. ಬ್ಲಾಕ್ ಎಂಬ ಪದಕ್ಕೆ ಶಿರಾದಿಂದ ಕೊರಟಗೆರೆಯವರೆಗೆ ಅದೊಂದೇ ಅರ್ಥ. ಗ್ರಾಮಸೇವಕನಿಗೆ ಬ್ಲಾಕ್ ಕೊಡುತ್ತಾರೆ ಎಂದರೆ ಸೈಕಲ್ಲಿನಿಂದ ಇಳಿಸಿ ಜೀಪಿಗೆ ಹತ್ತಿಸುತ್ತಾರೆ ಎಂದು. ಅದೂ ನೆರವು ಬ್ಲಾಕ್! ಹೆಸರಿನಲ್ಲೇ ಕೊಡುವ ಗುಣವಿತ್ತು.

"ಅರೆ, ಅದು ಸೂಜಿ ಇರ್ಬೇಕು ಕಣ್ರೀ," ಎಂದ ಮೊಹಿದ್ದೀನ್ ಬಾನಿಯಿಂದ ತಲೆಯೆತ್ತದೆ. "ಶಿರಾದಾಗೆ ನಮ್ಮ ಮಾಮೂಗೆ ಇಂಗೇ ಸೊಂಟ ಹೋಗಿತ್ತು. ಬೆಂಗ್ಳೂರಾಗೆ ಬೆನ್ನಿಗೆ ಸೂಜಿ ಹಾಕ್ಸಿದ್ರು."

"ನಿನ್ನ ಟ್ಯೂಬಿನ ಗಾಳಿ ನೋಡ್ಕೊಳ್ಳಯ್ಯ ನೀನು," ಎಂದ ವೆಂಕಟರಾಮಯ್ಯ. ಆಮೇಲೆ ರೇಣುಕಯ್ಯನ ಕಡೆ ತಿರುಗಿ, "ಬನ್ನಿ ಸಾರ್, ಕಾಫಿ ತಗೊಳ್ಳಿ," ಎಂದ. ಎರಡು ನಿಮಿಷದ ಹಿಂದೆ ಅವನೇ 'ನಿನಗಾ' ಎಂದು ಕೇಳಿದ್ದ.

ಮಂಗಳವಾರ ಬೆಳಿಗ್ಗೆ ಸರೋಜಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋದಳು. ಸಾಲಿನಲ್ಲಿ ಒಂಬತ್ತು ಪುಟ್ಟಿಗಳಿದ್ದವು. ಮಿಲ್ಲಿನವನು ಅವಳ ಪುಟ್ಟಿಯನ್ನೇ ಮೊದಲು ಎತ್ತಿಕೊಂಡು, "ಆಫೀಸರಮ್ಮೋರು ಕಾಯಬಾರದು," ಎಂದ. ಮನೆಗೆ ಬಂದವಳು ಗಂಡನ ಬಾಯಿಂದ ನಿಜ ಕೇಳಿ, ಸ್ವಲ್ಪ ಹೊತ್ತು ಹಿಟ್ಟು ಜರಡಿ ಹಿಡಿದಳು.

"ಹೋಗಿ ಹೇಳ್ಬುಟ್ಟು ಬರ್ತೀನಿ ಕಣೇ, ಅದು ಸೂಜಿ ಅಂತ," ಎಂದ ರೇಣುಕಯ್ಯ ಚಾಪೆಯ ಮೇಲಿನಿಂದ.

"ಶನಿವಾರದ ಗಂಟ ಇರ್ಲಿ ಬುಡ್ರಿ. ಹದಿನೈದು ದಿನ ನಿಮ್ಮ ಸೊಂಟ ತಿಕ್ಕಿದ್ದಕ್ಕೆ ನಂಗೆ ಸಿಕ್ಕಿರೋದು ಇದೊಂದೇ."

ಅವನು ಎದ್ದು ಹೋಗಿ ಹೇಳಿಬರುವುದೂ ಅಷ್ಟು ಸುಲಭವಿರಲಿಲ್ಲ. ಏಳುವುದಕ್ಕೇ ಮೂರು ಹಂತ: ಮೊದಲು ಹೊರಳಬೇಕು, ಆಮೇಲೆ ಮಂಡಿ, ಆಮೇಲೆ ಗೋಡೆ. ಮೂರೂ ಮುಗಿಸಿ ಬೀದಿಗೆ ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಅವನ ವಾಲುನಡಿಗೆಗೆ ಊರು ಹೊಸ ಅರ್ಥ ಕಂಡುಕೊಂಡಿತ್ತು.

"ನೋಡ್ಲಾ, ಆಫೀಸರ್ ಆಗೋನು ಹೆಂಗೆ ಬಗ್ಗಿ ನಡೀತವ್ನೆ. ಒಂಚೂರು ಜಂಬ ಐತಾ?"

"ಅದು ವಿನಯ ಕಣ್ಲಾ. ಎಲ್ಲಾರ್ಗೂ ಬರಾಕಿಲ್ಲ."

ಬುಧವಾರ ಪಾವಗಡದ ಕಡೆಯಿಂದ ನಾಲ್ವರು ಬಂದಿಳಿದರು. ಮುಂದಾಳು ನಾಗಲಮಡಿಕೆಯ ಪರ್ವತಯ್ಯ, ಗಡಿಯ ಕಡೆಯ ತೆಲುಗು ಬೆರೆಸಿ ಮಾತಾಡುವವನು. ಮಗಳನ್ನು ಕಲ್ಲುಗುಟ್ಟೆಗೆ ಕೊಟ್ಟಿದ್ದರಿಂದ ಸುದ್ದಿ ಬಸ್ ಕಂಡಕ್ಟರನ ಕೈಯಲ್ಲಿ ಅವನಿಗೆ ಬೇಗ ತಲುಪಿತ್ತು. ಚಾಪೆಯ ಮೇಲೆ ಮಗ್ಗುಲಾಗಿ ಬಿದ್ದಿದ್ದ ರೇಣುಕಯ್ಯನ ಮುಂದೆ ನಾಲ್ವರೂ ಸಾಲಾಗಿ ಕೂತು ಒಂದು ಅರ್ಜಿ ಇಟ್ಟರು.

"ಸಾರೂ, ಬ್ಲಾಕು ಮಾ ಕಡೆಗೇ ವಸ್ತಾ ಐತಂತೆ, ಚಾಲಾ ಸಂತೋಷ. ಆಫೀಸು ಮಾತ್ರ ನಾಗಲಮಡಿಕೆಲೇ ಆಗ್ಬೇಕು. ಪಾವಗಡದಾಗೆ ಈಗ್ಲೇ ಎಲ್ಲಾ ಆಫೀಸೂ ಅವೆ ಕದಾ!"

"ಪರ್ವತಯ್ಯನೋರೇ, ದಮ್ಮಯ್ಯ, ಕೇಳಿ ಇಲ್ಲಿ. ಅದು ಆಫೀಸಲ್ಲ, ಸೂಜಿ. ನಂಗೆ ಸೂಜಿ ಚುಚ್ತಾರೆ."

ಪರ್ವತಯ್ಯ ಜೊತೆಯವರನ್ನು ನೋಡಿ ಕಣ್ಣು ಮಿಟುಕಿಸಿದ. "ಚೂಸಿನಾರಾ? ಆರ್ಡರು ಟೈಪಾಗಿ ಹೋಗೈತೆ. ಗುಂಡುಸೂಜಿ ಚುಚ್ಚೋದೊಂದೇ ಬಾಕಿ."

"ಅಲ್ಲ ಕಣಯ್ಯಾ, ನಂಗೇ ಚುಚ್ಚೋದು! ಬೆನ್ನಿಗೆ!"

"ಅರ್ಥಮಯ್ಯಿಂದಿ ಸಾರೂ. ಬೆನ್ನಿಗೆ ಯಾರೋ ಚುಚ್ತಾ ಅವ್ರೆ. ದೊಡ್ಡ ಪೋಸ್ಟು ಅಂದ್ರೆ ಅಂಥೋರು ಇದ್ದೇ ಇರ್ತಾರೆ. ಮೇಮು ನಿಮ್ಮನ್ನ ಬಿಡಲ್ಲ."

ಹೀಗೆ ಭರವಸೆ ಕೊಟ್ಟು, ಅರ್ಜಿಯನ್ನು ಅವನ ದಿಂಬಿನ ಕೆಳಗೆ ಸಿಕ್ಕಿಸಿ, ಶನಿವಾರ ತಾವೂ ತುಮಕೂರಿಗೆ ಬರುವುದಾಗಿ ಹೇಳಿ ಎದ್ದರು. ಸತ್ಯವನ್ನು ಇಷ್ಟು ಸರಳವಾಗಿ ಹೇಳಿದರೂ ಅದು ಒಳಗುಟ್ಟಿನಂತೆ ಕೇಳಿಸುವುದನ್ನು ಕಂಡು ರೇಣುಕಯ್ಯ ಗೋಡೆಯ ಕಡೆ ಹೊರಳಿಕೊಂಡ. ಹೊರಳಿದ್ದಕ್ಕೆ ಕಾಲು ಮತ್ತೆ ಎಳೆಯಿತು.

ಗುರುವಾರ ಅವನಿಗೆ ತಪ್ಪಿಸಿಕೊಳ್ಳಲಾಗದ ಒಂದು ಕೆಲಸವಿತ್ತು. ಶನಿವಾರಕ್ಕೆ ರಜೆ ಬೇಕು. ಅದನ್ನು ಮಂಜೂರು ಮಾಡುವವರು ತಾಲ್ಲೂಕು ಕೇಂದ್ರದಲ್ಲಿದ್ದ ಬ್ಲಾಕ್ ಅಧಿಕಾರಿ ಶಂಕರಲಿಂಗಪ್ಪನವರು. ರೇಣುಕಯ್ಯ ಅರ್ಜಿಯಲ್ಲಿ ಎರಡೇ ವಾಕ್ಯ ಬರೆದಿದ್ದ: 'ತಾರೀಕು ೭ನೇ ಶನಿವಾರ ತುಮಕೂರಿನಲ್ಲಿ ನನಗೆ ನರ್ವ್ ಬ್ಲಾಕ್ ಕೊಡುವುದಾಗಿ ತಿಳಿಸಿರುತ್ತಾರೆ. ಸದರಿ ದಿನ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ.' ಮಲಗಿಕೊಂಡು ಬರೆದದ್ದರಿಂದ ಅಕ್ಷರಗಳೂ ಬಲಕ್ಕೆ ವಾಲಿದ್ದವು.

ಶಂಕರಲಿಂಗಪ್ಪನವರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವರು ಗ್ರಾಮಸೇವಕನೊಬ್ಬನಿಗೆ "ಬನ್ನಿ" ಎಂದರು.

"ಬನ್ನಿ ರೇಣುಕಯ್ಯನವರೇ, ಕೂತ್ಕೊಳ್ಳಿ."

"ಬೇಡಿ ಸಾರ್, ಕೂರಕ್ಕಾಗಲ್ಲ."

"ಛೆ ಛೆ, ಇನ್ನು ಮೇಲೆ ಅಂಥ ಸಂಕೋಚ ಎಲ್ಲ ಬೇಡ. ಕೂತ್ಕೊಳ್ಳಿ." ತಾವೇ ಭುಜ ಹಿಡಿದು ಕೂರಿಸಿದರು. ರೇಣುಕಯ್ಯ ಕಣ್ಣು ಮುಚ್ಚಿದ. ಅದು ಕೃತಜ್ಞತೆಯಂತೆ ಕಾಣಿಸಿತು.

ಅಧಿಕಾರಿ ಅರ್ಜಿ ಓದಿದರು, ಇನ್ನೊಮ್ಮೆ ಓದಿದರು. ಸರ್ಕಾರದಿಂದ ವಾರಕ್ಕೊಂದು ಹೊಸ ಯೋಜನೆ ಬರುತ್ತಿದ್ದ ಕಾಲ. ಗ್ರಾಮಸೇವಕನಿಗೆ ಗೊತ್ತಿರುವ ಯೋಜನೆ ಅಧಿಕಾರಿಗೆ ಗೊತ್ತಿಲ್ಲ ಎಂದರೆ ಹೇಗೆ?

"ನೆರವು ಬ್ಲಾಕು... ಹೌದು ಹೌದು. ಸುತ್ತೋಲೆ ನೋಡಿದ ನೆನಪು," ಎಂದರು.

ಬಾಗಿಲಲ್ಲಿ ನಿಂತಿದ್ದ ಹೆಡ್ ಗುಮಾಸ್ತೆ ಲಕ್ಷ್ಮಯ್ಯ ಪ್ರಾಮಾಣಿಕ ಮನುಷ್ಯ. "ಅಂಥ ಸುತ್ತೋಲೆ ಬಂದಿಲ್ಲವಲ್ಲ ಸಾರ್?" ಎಂದುಬಿಟ್ಟ.

"ಬಂದಿದೆ ಕಣ್ರೀ. ಹುಡುಕ್ರಿ."

ಲಕ್ಷ್ಮಯ್ಯ ಹುಡುಕಲು ಹೋದ. ಸಂಜೆಯೊಳಗೆ ಸುತ್ತೋಲೆ ಸಿಗದಿದ್ದರೂ 'ನೆರವು ಬ್ಲಾಕ್, ೧೯೬೨' ಎಂಬ ಕಡತವಂತೂ ತೆರೆದಾಗಿತ್ತು.

"ಸಾರ್, ಇದು ಆಸ್ಪತ್ರೇಲಿ ಕೊಡೋದು," ಎಂದ ರೇಣುಕಯ್ಯ. ಇಷ್ಟು ಹೇಳಿದರೆ ಸಾಕು, ತಿಳಿಯುತ್ತದೆ ಎಂದು ಅವನ ಲೆಕ್ಕ.

"ಗೊತ್ತು, ಗೊತ್ತು. ಮೊದಲು ವೈದ್ಯಕೀಯ ಪರೀಕ್ಷೆ, ಆಮೇಲೆ ಆರ್ಡರು. ಕ್ರಮವೇ ಅದು." ಶಂಕರಲಿಂಗಪ್ಪನವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ ತುಸು ಯೋಚಿಸಿದರು. ಗ್ರಾಮಸೇವಕನಿಗೇ ಕೊಡುವ ಹುದ್ದೆಗೆ ಹದಿನಾಲ್ಕು ವರ್ಷ ಸರ್ವೀಸಿನ ಅಧಿಕಾರಿ ಎದುರಿಗೆ ನಿಂತರೆ ಬೆಂಗಳೂರಿನವರು ಯಾರನ್ನು ನೋಡುತ್ತಾರೆ? "ನಿಮಗೆ ರಜೆ ಯಾಕೆ? ಇದು ಸರ್ಕಾರಿ ಕೆಲಸ. ನಾನೇ ಜೀಪು ತಗೊಂಡು ಬರ್ತೀನಿ. ಒಟ್ಟಿಗೆ ಹೋಗೋಣ."

"ಜೀಪು ಬ್ಯಾಡಿ ಸಾರ್, ಬಸ್ಸಲ್ಲೇ..."

"ಬಸ್ಸಲ್ಲಿ ಹೋಗಿ ಬ್ಲಾಕ್ ತಗೊಳ್ತೀರಾ? ಏನು ಮಾತಾಡ್ತೀರಿ!"

ಸಂಜೆ ಬಸ್ ಸ್ಟಾಪಿನಲ್ಲಿ ರೇಣುಕಯ್ಯನಿಗೆ ಮಾತಾಡಿಸಲು ಉಳಿದಿದ್ದವನು ಮೊಹಿದ್ದೀನ್ ಒಬ್ಬನೇ. ಬೆಂಚಿನ ಮೇಲೆ ಬೋರಲು ಬಿದ್ದು, "ಸಾಬ್, ಒಳಗೆ ಏನೋ ಆಚೆಗೆ ಬಂದೈತಂತಲ್ಲ, ಅದೇನು ನಿಂಗೊತ್ತಾ?" ಎಂದು ಕೇಳಿದ.

ಮೊಹಿದ್ದೀನ್ ಒಂದು ಹಳೆಯ ಟೈರು ತೋರಿಸಿದ. ಬದಿ ಹರಿದು ಒಳಗಿನ ಟ್ಯೂಬು ನೆಲ್ಲಿಕಾಯಿಯಷ್ಟು ಉಬ್ಬಿ ಹೊರಗೆ ಇಣುಕುತ್ತಿತ್ತು. "ಇದೇ ನೋಡಿ. ಈ ಉಬ್ಬು ಫೋರ್ಕಿಗೆ ಉಜ್ತಾ ಇದ್ರೆ ಚಕ್ರ ತಿರುಗಲ್ಲ. ನಿಮ್ದು ನರಕ್ಕೆ ಉಜ್ತಾ ಐತೆ. ಅಷ್ಟೇ ಕಥೆ."

ಡಾಕ್ಟರು, ಚೀಟಿ ಯಾವುದರಿಂದಲೂ ಆಗದ ತಿಳಿವಳಿಕೆ ಅವನಿಗೆ ಆ ಟೈರಿನಿಂದ ಆಯಿತು.

"ಸೂಜಿ ತಪ್ಪಿಸ್ಬೇಡಿ," ಎಂದ ಮೊಹಿದ್ದೀನ್. "ಯಾರು ಏನಾದ್ರೂ ಅನ್ಲಿ. ಬಸ್ಸಿಗೇ ಹೋಗಿ."

ಶನಿವಾರ ಏಳೂವರೆಯ ಬಸ್ಸಿಗೆ ರೇಣುಕಯ್ಯ ಏಳು ಗಂಟೆಗೇ ಬಂದು ನಿಂತ. ಬಸ್ಸೂ ಬಂತು. ಆದರೆ ಅವನನ್ನು ಹತ್ತಲು ಬಿಡಲಿಲ್ಲ. ಪಂಚಾಯಿತಿ ಕಟ್ಟೆಯ ಮುಂದೆ ಮಾವಿನ ತೋರಣ ಕಟ್ಟಿತ್ತು. ದಾಕ್ಷಾಯಣಮ್ಮ ತಟ್ಟೆಯಲ್ಲಿ ಆರತಿ ಇಟ್ಟುಕೊಂಡು ದಾರಿಗೇ ಅಡ್ಡ ನಿಂತಿದ್ದರು. ಎಂಟಕ್ಕೆ ಜೀಪು ಬಂತು. ಎಂಟೂ ಹತ್ತಕ್ಕೆ ಭಾಷಣ ಶುರುವಾಯಿತು.

ಸನ್ಮಾನಿತರು ನಿಂತೇ ಇರಬೇಕೆಂಬುದು ಯಾರು ಮಾಡಿದ ನಿಯಮವೋ ತಿಳಿಯದು. ರೇಣುಕಯ್ಯ ಹತ್ತು ನಿಮಿಷ ನಿಂತ. ಆಮೇಲೆ ಧ್ವಜದ ಕಂಬ ಹಿಡಿದುಕೊಂಡ. ಅದನ್ನು ಕಂಡ ವೆಂಕಟರಾಮಯ್ಯ ದೇಶಭಕ್ತಿಯ ಬಗ್ಗೆ ಎರಡು ಮಾತು ಹೆಚ್ಚಾಗಿ ಆಡಿದ. ದಾಕ್ಷಾಯಣಮ್ಮ ಮಹಿಳಾ ಸಮಾಜದ ಪರವಾಗಿ ಹನ್ನೆರಡು ಬೇಡಿಕೆ ಓದಿದರು. ಶಂಕರಲಿಂಗಪ್ಪನವರು ನೆರವು ಬ್ಲಾಕಿನ ಧ್ಯೇಯೋದ್ದೇಶಗಳನ್ನು ಮೂವತ್ತೈದು ನಿಮಿಷ ವಿವರಿಸಿದರು. ಸುತ್ತೋಲೆ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಅವರಿಗೆ ಎಲ್ಲಿಯೂ ತಡೆಯಿರಲಿಲ್ಲ.

"ಸಾರ್, ಹನ್ನೊಂದು ಗಂಟೆ ಅಂದವ್ರೆ," ಎಂದ ರೇಣುಕಯ್ಯ ಕಂಬದ ಹಿಂದಿನಿಂದ.

"ಸರ್ಕಾರಿ ಹನ್ನೊಂದು ಅಂದ್ರೆ ಹನ್ನೊಂದೂವರೆ," ಎಂದರು ಅಧಿಕಾರಿ.

ಈಗ ಎರಡು ಮಾತು ಆಡುವ ಸರದಿ ಅವನದು. ರೇಣುಕಯ್ಯ ಜನರನ್ನು ನೋಡಿದ. "ನಂಗೆ ಮಲಿಕ್ಕೊಬೇಕು," ಎಂದ. ಚಪ್ಪಾಳೆ ಬಿತ್ತು. ಇಷ್ಟು ದುಡಿದು ದಣಿದ ಮನುಷ್ಯ ಎಂದು ಹೆಂಗಸರ ಕಡೆ ಒಬ್ಬರು ಕಣ್ಣೊರೆಸಿಕೊಂಡರು.

ಜೀಪು ಹೊರಟಾಗ ಹತ್ತು ಗಂಟೆಗೆ ಐದು ನಿಮಿಷವಿತ್ತು. ತೋವಿನಕೆರೆವರೆಗೆ ಮೂರು ಮೈಲಿ ಮಣ್ಣಿನ ರಸ್ತೆ, ಅಲ್ಲಿಂದ ತುಮಕೂರಿಗೆ ಸುಮಾರು ಹದಿನೆಂಟು ಮೈಲಿ. ಬ್ಲಾಕ್ ಜೀಪುಗಳಿಗೆ ಸ್ಪ್ರಿಂಗ್ ಇರುತ್ತದೆಂದು ಕೇಳಿದವರುಂಟು, ಕಂಡವರಿಲ್ಲ. ಮುಂದಿನ ಸೀಟಿನಲ್ಲಿ ಎರಡು ಹಾರ ಹೊತ್ತು ಕೂತಿದ್ದ ರೇಣುಕಯ್ಯ ಪ್ರತಿ ಗುಂಡಿಗೂ ಸೀಟಿನಿಂದ ಒಂದು ಗೇಣು ಎದ್ದು, ಎದ್ದ ಜಾಗಕ್ಕೇ ಬೀಳುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ಅಧಿಕಾರಿ, "ಪಾವಗಡದ ರಸ್ತೆ ಇದಕ್ಕಿಂತ ಕಷ್ಟ. ನಿಮಗೆ ಒಗ್ಗುತ್ತೋ ಇಲ್ಲವೋ. ಬೇಕಾದ್ರೆ ನೀವು ಇಲ್ಲೇ ಇರಿ, ಅದನ್ನ ನಾನು ನೋಡ್ಕೊಳ್ತೀನಿ," ಎಂದು ಮೂರು ಸಲ ಹೇಳಿದರು. ರೇಣುಕಯ್ಯ ಮೂರು ಸಲವೂ "ತಗೊಳ್ಳಿ ಸಾರ್" ಎಂದ. ಆ ಹೊತ್ತಿನಲ್ಲಿ ಅವನು ಯಾವುದನ್ನು ಬೇಕಾದರೂ ಯಾರಿಗೆ ಬೇಕಾದರೂ ಬಿಟ್ಟುಕೊಡಲು ಸಿದ್ಧನಿದ್ದ.

ತೋವಿನಕೆರೆಯಲ್ಲಿ ಇನ್ನೊಂದು ಹಾರಕ್ಕೆ ಹದಿನೈದು ನಿಮಿಷ ಹೋಯಿತು. ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ಇಪ್ಪತ್ತೆರಡು. ಪರ್ವತಯ್ಯನ ತಂಡ ಬೇವಿನ ಮರದಡಿ ಮೊದಲೇ ಕೂತಿತ್ತು. ರೇಣುಕಯ್ಯ ವರಾಂಡದ ಬೆಂಚಿನ ಮೇಲೆ ಒಂದು ಮಗ್ಗುಲಿಗೆ ಒರಗಿದ. ಪರದೆ ಸರಿಸಿ ನರ್ಸು ಹೊರಗೆ ಬಂದು ಜೋರಾಗಿ ಕೇಳಿದಳು:

"ಬ್ಲಾಕ್‌ಗೆ ಬಂದಿರೋರು ಯಾರು?"

"ನಾನು," ಎಂದರು ಶಂಕರಲಿಂಗಪ್ಪನವರು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. "ನಾನೇ ಬ್ಲಾಕು."

"ಎಷ್ಟೊತ್ತು ಕಾಯಿಸೋದು? ಬನ್ನಿ ಒಳಗೆ."

ರೇಣುಕಯ್ಯ ಏನೋ ಹೇಳಲು ಬಾಯಿ ತೆರೆದ. ಆದರೆ ಏಳಬೇಕಾದರೆ ಅದೇ ಮೂರು ಹಂತ, ಇಲ್ಲಿ ಹಿಡಿದುಕೊಳ್ಳಲು ಗೋಡೆಯೂ ದೂರ. ಅಷ್ಟರಲ್ಲಿ ಪರದೆ ಮುಚ್ಚಿತು. ಒಳಗಿನ ಮಾತು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

"ಎಷ್ಟು ದಿನದಿಂದ ಇದೆ?" ಬೆಂಗಳೂರಿನ ಡಾಕ್ಟರ ದನಿ, ಜೊತೆಗೆ ಕೈ ತೊಳೆಯುವ ನೀರಿನ ಸದ್ದು.

"ಮೂರು ವರ್ಷದಿಂದ ಸಾರ್."

"ಮೂರು ವರ್ಷ! ಓಡಾಡೋಕೆ ಕಷ್ಟ ಆಗಲ್ವಾ?"

"ಜೀಪಿದೆ ಸಾರ್."

"ಎಡಗಡೆಗೋ ಬಲಗಡೆಗೋ?"

"ಎರಡೂ ಕಡೆ ಸಾರ್. ಒಟ್ಟು ನೂರಾನಾಲ್ಕು ಹಳ್ಳಿ."

ನೀರಿನ ಸದ್ದಿನಲ್ಲಿ ಡಾಕ್ಟರಿಗೆ ಕೊನೆಯ ಮಾತು ಕೇಳಿಸಲಿಲ್ಲವೆಂದು ಕಾಣುತ್ತದೆ. "ಕೋಟು ತೆಗೀರಿ. ಪ್ಯಾಂಟು ಸಡಿಲ ಮಾಡಿ ಬೋರಲು ಮಲಗಿ," ಎಂದರು.

ವೈದ್ಯಕೀಯ ಪರೀಕ್ಷೆ ಹೀಗೂ ಇರುತ್ತದೆಯೇ ಎಂದು ಹದಿನಾಲ್ಕು ವರ್ಷದ ಸರ್ವೀಸು ಒಳಗೆ ಆಲೋಚಿಸುತ್ತಿರಬೇಕು. ಆಮೇಲೆ ಬೆಲ್ಟಿನ ಕೊಂಡಿ ಬಿಚ್ಚಿದ ಸದ್ದು ಬಂತು.

"ಡಾಕ್ಟ್ರೇ," ಎಂದು ಕೂಗಿದ ರೇಣುಕಯ್ಯ. "ಡಾಕ್ಟ್ರೇ, ಅವರಲ್ಲ! ನಾನು!"

"ಸುಮ್ನಿರಂಡಿ ಸಾರೂ," ಎಂದು ಕಿಟಕಿಯಾಚೆಯಿಂದ ಪರ್ವತಯ್ಯ ಪಿಸುಗುಟ್ಟಿದ. "ಮೊದ್ಲು ಅವ್ರಿಗೆ ಆಗ್ಲಿ. ಸೀನಿಯರು ಕದಾ."

ಒಳಗೆ ನರ್ಸು ತಣ್ಣನೆಯ ಸ್ಪಿರಿಟ್ಟಿನ ಹತ್ತಿಯನ್ನು ಹಚ್ಚಬೇಕಾದ ಜಾಗಕ್ಕೆ ಹಚ್ಚಿದಳು. ಆಗ ಶಂಕರಲಿಂಗಪ್ಪನವರು ಹಾಕಿದ ಕೂಗು ಅಭಿವೃದ್ಧಿ ಇಲಾಖೆಯ ಯಾವ ಸಭೆಯಲ್ಲೂ ಕೇಳಿರದಂಥದ್ದು. ಏನೋ ಬಿತ್ತು, ಟ್ರೇ ಇರಬೇಕು. "ಏನ್ರೀ ಇದು? ಇದು ಯಾವ ಸೀಮೆ ಪರೀಕ್ಷೆ? ನಾನು ಯಾರು ಗೊತ್ತಾ?" "ನೀವು ಪೇಷಂಟು!" "ನಾನು ಬಿ.ಡಿ.ಓ.!" "ಯಾರಾದ್ರೆ ಏನ್ರೀ, ಮಲಗಿ!"

ರೇಣುಕಯ್ಯ ಹೊರಳಿದ, ಮಂಡಿಯೂರಿದ. ಗೋಡೆ ದೂರವಿದ್ದುದರಿಂದ ಬೆಂಚನ್ನೇ ಹಿಡಿದುಕೊಂಡು ನಿಂತ. ಪರದೆ ಸರಿಸಿದಾಗ ಗೋಡೆಯ ಗಡಿಯಾರ ಹನ್ನೊಂದು ನಲವತ್ತು ತೋರಿಸುತ್ತಿತ್ತು. ಅಧಿಕಾರಿ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯ ಬೆರಳನ್ನು ಡಾಕ್ಟರ ಮೂಗಿನ ಮುಂದೆ ಆಡಿಸುತ್ತಿದ್ದರು. ನರ್ಸು ನೆಲದ ಮೇಲಿನ ಹತ್ತಿ ಆಯುತ್ತಿದ್ದಳು.

"ನನಗೆ ಲಿಖಿತ ವಿವರಣೆ ಬೇಕು! ನೆರವು ಬ್ಲಾಕಿನ ಆರ್ಡರು ಎಲ್ಲಿ?"

"ಯಾವ ನೆರವು? ನಾನು ಕೊಡೋದು ನರ್ವ್ ಬ್ಲಾಕು! ನರ್ವು, ನರ!"

"ನರವಾ?" ಎಂದರು ಶಂಕರಲಿಂಗಪ್ಪನವರು.

"ನರ. ಡಿಸ್ಕ್ ಜಾರಿದವರಿಗೆ. ನಿಮ್ಮ ಡಿಸ್ಕ್ ಎಲ್ಲಿ ಜಾರಿದೆ?"

"ನನ್ನದು ಯಾವುದೂ ಜಾರಿಲ್ಲ!" ಎಂದರು ಅಧಿಕಾರಿ. ಆ ಮಾತಿಗೆ ಕೈಯೆತ್ತಿ ಒತ್ತು ಕೊಡಲು ಹೋದದ್ದರಿಂದ ಪ್ಯಾಂಟು ಜಾರಿತು.

ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಅವರಿಗೆ ಉಳಿದದ್ದು ಇಪ್ಪತ್ತು ನಿಮಿಷ. ಅದರಲ್ಲಿ ಒಂದೋ ಅಧಿಕಾರಿಗೆ ವಿವರಣೆ, ಇಲ್ಲವೇ ರೋಗಿಗೆ ಇಂಜೆಕ್ಷನ್. ಅಧಿಕಾರಿ ಕಾಗದ, ಪೆನ್ನು ಕೇಳುತ್ತಿದ್ದರು. ರೋಗಿಯನ್ನು ಮಲಗಿಸುವ ಮೇಜು ಖಾಲಿಯಿತ್ತು.

ರೇಣುಕಯ್ಯ ಯಾರನ್ನೂ ಕೇಳಲಿಲ್ಲ. ಮೂರೂ ಹಾರಗಳನ್ನು ತೆಗೆದು ಶಂಕರಲಿಂಗಪ್ಪನವರ ಕೈಗೆ ಕೊಟ್ಟ. ಪಂಚೆ ಸಡಿಲಿಸಿ, ಮೇಜಿನ ಅಂಚಿಗೆ ಹೊಟ್ಟೆ ಊರಿ, ಗದ್ದೆಯ ಬದು ಹತ್ತುವವನಂತೆ ಮೆಲ್ಲಗೆ ಮೇಲೆ ಜಾರಿ, ಬೋರಲು ಮಲಗಿದ.

"ನೀವ್ಯಾರು?" ಎಂದರು ಡಾಕ್ಟರು.

"ನಾನೇ ಸಾರ್ ಬ್ಲಾಕು. ಎಡಗಡೆ. ಹೆಬ್ಬೆಟ್ಟಿನ ಗಂಟ ಐತೆ. ಗ್ರಾಮಸೇವಕ, ನೇಗಿಲೆತ್ತಿದ್ದೆ. ಬೇಗ ಕೊಟ್ಬುಡಿ."

ಡಾಕ್ಟರು ಅಧಿಕಾರಿಗೆ ಬೆನ್ನು ತಿರುಗಿಸಿದರು. ನರ್ಸು ಕುದಿಯುತ್ತಿದ್ದ ಪಾತ್ರೆಯಿಂದ ಇನ್ನೊಂದು ಸಿರಿಂಜು ತೆಗೆದಳು. ಬೆನ್ನುಮೂಳೆಯ ತುದಿಯಲ್ಲಿ ತಣ್ಣನೆಯದೇನೋ ಸೋಕಿತು, ಆಮೇಲೆ ಒಂದು ಕುಟುಕು, ಆಮೇಲೆ ಬಲೂನು ಊದಿದಂತೆ ಒಳಗೊಳಗೇ ಒಂದು ಒತ್ತಡ. ಒತ್ತಡ ತೊಡೆಗೆ ಇಳಿದು, ಮೀನಖಂಡಕ್ಕೆ ಹೋಗಿ, ಹೆಬ್ಬೆರಳು ತಲುಪಿತು. ಇಪ್ಪತ್ತು ದಿನ ಬಿಡದೆ ಕೂಗಿದ್ದ ಕಾಲು ಸುಮ್ಮನಾಯಿತು.

"ಹೇಗಿದೆ?" ಎಂದು ಡಾಕ್ಟರು ಕೇಳಿದರು. ನರ್ಸು ಬಗ್ಗಿ ನೋಡಿ, "ನಿದ್ದೆ ಹೋಗಿದ್ದಾರೆ ಸಾರ್," ಎಂದಳು. ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು.

ಎಚ್ಚರವಾದಾಗ ಎರಡೂವರೆ ಗಂಟೆ. ಕಾಲಿನ ಜೋಮು ಇಳಿದಿತ್ತು. ಮೂರು ವಾರ ಬಗ್ಗಬಾರದು, ಭಾರ ಎತ್ತಬಾರದು, ನೋವು ಮತ್ತೆ ಬಂದರೆ ಇನ್ನೊಂದು ಸಲ ಕೊಡಬೇಕಾದೀತು ಎಂದು ನರ್ಸು ಚೀಟಿ ಕೊಟ್ಟಳು. ಶಂಕರಲಿಂಗಪ್ಪನವರು ಜೀಪು ತೆಗೆದುಕೊಂಡು ಯಾವಾಗಲೋ ಹೊರಟುಹೋಗಿದ್ದರು. ಪರ್ವತಯ್ಯನೂ ಇರಲಿಲ್ಲ; ಅರ್ಜಿಯ ಇನ್ನೊಂದು ಪ್ರತಿಯನ್ನು ಅಧಿಕಾರಿಯ ಕೈಗೆ ಕೊಟ್ಟುಹೋದನೆಂದು ಕಾಂಪೌಂಡಿನ ಮಾಲಿ ಹೇಳಿದ.

ನಾಲ್ಕರ ಬಸ್ಸು ತುಂಬಿತ್ತು. ಬೆಳಗಿನ ಸಂಗತಿ ಆಗಲೇ ಬಸ್ ಸ್ಟ್ಯಾಂಡಿಗೆ ಮುಟ್ಟಿದ್ದರಿಂದ ಕಂಡಕ್ಟರು, "ಒಳಗೆ ಸರ್ಕೊಳಯ್ಯ," ಎಂದ, ಯಾರೂ ಜಾಗ ಬಿಡಲಿಲ್ಲ. ರೇಣುಕಯ್ಯ ಮೇಲಿನ ಕಂಬಿ ಹಿಡಿದು ತುಮಕೂರಿನಿಂದ ಕಲ್ಲುಗುಟ್ಟೆಯವರೆಗೆ ಇಪ್ಪತ್ತೊಂದು ಮೈಲಿ ನಿಂತೇ ಹೋದ.